ಎತ್ತಿಡದ ಸಾಮಾನು, ಮಾಸಿದ ನೀಲಿ: ಫ್ರಾನ್ಸಿನ ಮನೆಗಳ ಮೇಲಿನ ನನ್ನ ಪ್ರೀತಿ

ಮನೆಯನ್ನು ಫ್ರೆಂಚ್ ಶೈಲಿಯಲ್ಲಿ ಮಾಡಿಸಬೇಕು, ಎಲ್ಲಿಂದ ಶುರು ಮಾಡಲಿ ಅಂತ ಗೆಳತಿಯರು ಕೇಳುತ್ತಿರುತ್ತಾರೆ. ಫ್ರಾನ್ಸಿನ ತುಲೂಸ್ ಊರಿನಲ್ಲಿ ಕೆಲವು ವರ್ಷ ಸಂಸಾರ ಮಾಡಿ ಬಂದವಳು ಅಂತ ಈ ಪ್ರಶ್ನೆ ನನ್ನ ಪಾಲಿಗೆ ಬರುತ್ತದೆ. ಅವರ ಫೋನಿನಲ್ಲಿ ಒಂದಿಷ್ಟು ಫೋಟೊ ಇರುತ್ತವೆ. ಬಿಳಿ ಗೋಡೆ, ಚಿನ್ನದ ಚೌಕಟ್ಟಿನ ದೊಡ್ಡ ಕನ್ನಡಿ, ಬಾಗಿದ ಕಾಲಿನ ಕುರ್ಚಿ, ಮೇಲೆ ಗೊಂಚಲು ದೀಪ. ಅವೆಲ್ಲ ಚೆನ್ನಾಗೇ ಇವೆ. ಪ್ಯಾರಿಸ್‌ನಲ್ಲಿ ಅಂಥ ಮನೆಗಳು ನಿಜಕ್ಕೂ ಇವೆ. 1853ರಿಂದ 1870ರವರೆಗೆ ಓಸ್ಮಾನ್ ಎಂಬ ಅಧಿಕಾರಿ ಹಳೇ ಊರನ್ನು ಅಗೆಸಿ ಅಗಲವಾದ ಬೀದಿಗಳನ್ನು ಮಾಡಿಸಿದಾಗ ಎದ್ದ ಕಟ್ಟಡಗಳವು. ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳ ನೆಲ, ಸೂರಿನ ಅಂಚಿಗೆ ಗಾರೆಯ ಹೂಬಳ್ಳಿ, ಅಮೃತಶಿಲೆಯ ಅಗ್ಗಿಷ್ಟಿಕೆ, ಅದರ ಮೇಲೆ ಕನ್ನಡಿ. ಆದರೆ ನನಗೆ ಫ್ರಾನ್ಸಿನ ಮನೆ ಅಂದರೆ ಮೊದಲು ಕಣ್ಣಿಗೆ ಬರುವುದು ಒಂದು ಮಣ್ಣಿನ ಜಾಡಿ.

ನೈರುತ್ಯ ಫ್ರಾನ್ಸಿನ ಹಳ್ಳಿಗಳಲ್ಲಿ ಬಾತುಕೋಳಿ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸಿ, ಚಳಿಗಾಲಕ್ಕೆ ಅಂತ ತುಂಬಿಡುತ್ತಿದ್ದ ಜಾಡಿ ಅದು. ನಮ್ಮ ಉಪ್ಪಿನಕಾಯಿ ಭರಣಿ ಇದ್ದ ಹಾಗೆ. ಎರಡು ಪುಟ್ಟ ಕಿವಿ, ಅಗಲ ಬಾಯಿ. ಮೇಲಿನ ಅರ್ಧಕ್ಕೆ ಸಾಸಿವೆ ಹೂವಿನ ಹಳದಿ ಮೆರುಗು, ಕೆಳಗಿನ ಅರ್ಧ ಬರೀ ಸುಟ್ಟ ಮಣ್ಣು. ಮೊದಲ ಸಲ ನೋಡಿದಾಗ ಇದೊಂದು ಅಲಂಕಾರ ಅಂದುಕೊಳ್ಳುವವರೇ ಜಾಸ್ತಿ. ಜಾಡಿಯ ಕೆಳಗಿನ ಭಾಗವನ್ನು ನೆಲಮಾಳಿಗೆಯ ಮಣ್ಣಿನಲ್ಲೋ ಮರಳಿನಲ್ಲೋ ಹೂತಿಡುತ್ತಿದ್ದರು, ಒಳಗಿದ್ದದ್ದು ತಂಪಾಗಿರಲಿ ಅಂತ. ಹೂತುಹೋಗುವ ಜಾಗಕ್ಕೆ ಮೆರುಗು ಯಾಕೆ ದಂಡ? ಕುಂಬಾರ ಅಲ್ಲಿಗೇ ನಿಲ್ಲಿಸಿದ. ಹತ್ತಿರದಿಂದ ನೋಡಿದರೆ ಮೆರುಗು ಒಂದೇ ಸಮ ನಿಂತಿರುವುದಿಲ್ಲ. ಅಲ್ಲಲ್ಲಿ ಹನಿ ಇಳಿದು, ಗೆರೆಯಾಗಿ, ಮಣ್ಣಿನ ಮೇಲೆ ಗಟ್ಟಿಯಾಗಿರುತ್ತದೆ. ಕೈಯಾಡಿಸಿದರೆ ಮೇಲೆ ನುಣುಪು, ಕೆಳಗೆ ತರಿ ತರಿ.

ಈಗ ಈ ಜಾಡಿಗಳು ಮನೆ ಅಲಂಕಾರದ ಪತ್ರಿಕೆಗಳಲ್ಲೆಲ್ಲ ಇವೆ. ಒಳ್ಳೆಯದಕ್ಕೆ ಒಳ್ಳೆಯ ಬೆಲೆಯೂ ಇದೆ. ಆದರೆ ನಾನು ಅಲ್ಲಿ ಕಂಡ ಜಾಡಿಗಳೆಲ್ಲ ಏನಾದರೂ ಕೆಲಸ ಮಾಡುತ್ತಲೇ ಇದ್ದವು. ಒಂದರಲ್ಲಿ ಮರದ ಸೌಟುಗಳು, ಇನ್ನೊಂದರಲ್ಲಿ ಕೊಡೆಗಳು, ಮತ್ತೊಂದರಲ್ಲಿ ಉಪ್ಪು. ಫ್ರೆಂಚರ ಮನೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಇದೇ. ಚೆಂದದ ಸಾಮಾನನ್ನು ಅವರು ಎತ್ತಿಡುವುದಿಲ್ಲ. ಬಳಸುತ್ತಾರೆ. ಬಳಸಿದ್ದರ ಗುರುತು ಉಳಿದರೆ ಅದನ್ನು ಮುಚ್ಚಿಡುವುದೂ ಇಲ್ಲ.

ನಮ್ಮ ಕಟ್ಟಡದಲ್ಲಿ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಒಬ್ಬರೇ ಇದ್ದರು. ನಾನು ಕೊನೆಯವರೆಗೂ ಅವರನ್ನು ಮದಾಮ್ ಅಂತಲೇ ಕರೆದೆ. ಅಲ್ಲಿ ಹಾಗೇ. ಬೀದಿಯ ಬ್ರೆಡ್ ಅಂಗಡಿಗೆ ಹೋದರೂ ಮೊದಲು ‘ಬೋಂಜೂರ್ ಮದಾಮ್’ ಅನ್ನಬೇಕು, ಆಮೇಲೆ ಬೇಕಾದ್ದು ಕೇಳಬೇಕು. ಈ ಮದಾಮ್ ಮಧ್ಯಾಹ್ನದ ಊಟಕ್ಕೆ ದಿನಾ ಮೇಜಿಗೆ ಬಟ್ಟೆ ಹಾಸುತ್ತಿದ್ದರು, ಒಬ್ಬರೇ ಇದ್ದರೂ. ತಟ್ಟೆಯ ಎಡಕ್ಕೆ ಫೋರ್ಕ್, ಮುಳ್ಳು ಕೆಳಮುಖ. ಫ್ರಾನ್ಸಿನ ಹಳೇ ಪದ್ಧತಿ ಅದು. ಮನೆತನದ ಗುರುತನ್ನು ಫೋರ್ಕಿನ ಹಿಂಬದಿಗೆ ಕೆತ್ತುತ್ತಿದ್ದರಿಂದ ಆ ಬದಿ ಮೇಲೆ ಕಾಣಬೇಕು. ಬ್ರೆಡ್ಡಿಗೆ ಬೇರೆ ತಟ್ಟೆ ಇಲ್ಲ, ಅದು ಬಟ್ಟೆಯ ಮೇಲೇ. ಆದರೆ ಮಗುಚಿ ಇಡುವಂತಿಲ್ಲ, ಅಪಶಕುನ ಅನ್ನುತ್ತಾರೆ. ಊಟ ಮುಗಿದ ಮೇಲೆ ಚೀಸ್, ಆಮೇಲೆ ಸಿಹಿ. ಬ್ರೀ ಎಂಬ ಚೀಸಿನ ತ್ರಿಕೋನ ತುಂಡಿನ ಚೂಪಾದ ತುದಿಯನ್ನು ಮೊದಲು ಬಂದವರು ಕತ್ತರಿಸಿಕೊಳ್ಳಬಾರದು. ಅತಿ ರುಚಿಯಾದ ಭಾಗ ಅದು, ಎಲ್ಲರ ತುಂಡಿಗೂ ಸ್ವಲ್ಪ ಸ್ವಲ್ಪ ಬರುವ ಹಾಗೆ ಉದ್ದಕ್ಕೆ ಕತ್ತರಿಸಬೇಕು.

2010ರಲ್ಲಿ ಯುನೆಸ್ಕೋ ಫ್ರೆಂಚರ ಊಟದ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಯಾವುದೋ ಒಂದು ಅಡುಗೆಯನ್ನಲ್ಲ, ಒಟ್ಟಾಗಿ ಕೂತು ಉಣ್ಣುವ ಕ್ರಮವನ್ನು. ಮೇಜು ಸಿಂಗರಿಸುವುದೂ ಅದರಲ್ಲಿ ಸೇರಿದೆ. ಇದನ್ನು ಓದಿದಾಗ ನನಗೆ ಖುಷಿಯಾಗಿತ್ತು. ಮೇಜಿಗೆ ಹಾಸುವ ಬಟ್ಟೆ, ಮಡಿಸಿಡುವ ಕರವಸ್ತ್ರ, ಇವೆಲ್ಲ ಹೆಂಗಸರ ಸಣ್ಣಪುಟ್ಟ ಹುಚ್ಚು ಅಂತ ತಳ್ಳಿಹಾಕುವವರೇ ಸುತ್ತ ಇರುವಾಗ, ಒಂದು ದೇಶ ಅದನ್ನು ತನ್ನ ಆಸ್ತಿ ಅಂತ ಹೇಳಿಕೊಂಡಿತಲ್ಲ!

ಅದೇ ಮದಾಮ್ ಮನೆಯಲ್ಲಿ ನೀರು ಕುಡಿಯುತ್ತಿದ್ದದ್ದು ಡ್ಯುರಾಲೆಕ್ಸ್ ಕಂಪನಿಯ ಗಾಜಿನ ಲೋಟದಲ್ಲಿ. ಫ್ರಾನ್ಸಿನ ಶಾಲೆಯ ಊಟದ ಮನೆಗಳಲ್ಲೆಲ್ಲ ಇದ್ದ ಲೋಟ. 1945ರಿಂದ ಓರ್ಲೆಯಾಂ ಪಕ್ಕದ ಒಂದು ಊರಿನಲ್ಲಿ ತಯಾರಾಗುತ್ತಿದೆ. ಕಾದ ಗಾಜನ್ನು ಒಮ್ಮೆಲೇ ತಣಿಸಿ ಗಟ್ಟಿ ಮಾಡುತ್ತಾರೆ, ಹಾಗಾಗಿ ಕೈಜಾರಿದರೂ ಸಾಮಾನ್ಯವಾಗಿ ಒಡೆಯುವುದಿಲ್ಲ. ಮೈಸುತ್ತ ಚಪ್ಪಟೆ ಮುಖಗಳಿರುವ ಪಿಕಾರ್ಡಿ ಲೋಟ ಬಂದದ್ದು 1954ರಲ್ಲಿ. ಅದರ ತಳದಲ್ಲಿ ಒಂದು ಅಂಕಿ ಇರುತ್ತದೆ, ಅಚ್ಚಿನ ನಂಬರು. ಶಾಲೆ ಮಕ್ಕಳು ನೀರು ಕುಡಿದು ಲೋಟ ಬಗ್ಗಿಸಿ ಆ ಅಂಕಿ ಓದಿ, ‘ಇದು ನನ್ನ ವಯಸ್ಸು’ ಅಂತ ಆಟ ಆಡುತ್ತಾರೆ. ನಲವತ್ತೆಂಟು ಬಂದ ಮಗು ಆ ದಿನ ಎಲ್ಲರಿಗಿಂತ ದೊಡ್ಡದು! ಅಜ್ಜ ಅಜ್ಜಿಯರೂ ಆಡಿದ್ದರು, ಮೊಮ್ಮಕ್ಕಳೂ ಆಡುತ್ತಾರೆ. ಕಂಪನಿ ಹಲವು ಸಲ ಮುಳುಗುವ ಹಂತಕ್ಕೆ ಬಂತು. 2024ರಲ್ಲಿ ಕೆಲಸಗಾರರೇ ಸೇರಿ ಸಹಕಾರ ಸಂಘ ಮಾಡಿ ಕಾರ್ಖಾನೆಯನ್ನು ತಾವೇ ವಹಿಸಿಕೊಂಡರು. ಗೊಂಚಲು ದೀಪ ಇಲ್ಲದಿದ್ದರೂ ಪರವಾಗಿಲ್ಲ, ಆ ಲೋಟ ಇರಲಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಬಟ್ಟೆ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನ್ನ ಪ್ರೀತಿಯ ದೊಡ್ಡ ಪಾಲು ಇಲ್ಲೇ ಇದೆ.

ಲಿನನ್ ಬರುವುದು ಅಗಸೆ ಗಿಡದಿಂದ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆ. ಬೀಜಕ್ಕೆ ಬೆಳೆಯುವ ತಳಿ ಗಿಡ್ಡ, ನಾರಿಗೆ ಬೆಳೆಯುವ ತಳಿ ಎದೆಮಟ್ಟ, ಅಷ್ಟೇ ವ್ಯತ್ಯಾಸ. ನಾರಿನ ಅಗಸೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವ ದೇಶ ಫ್ರಾನ್ಸ್, ಅದರಲ್ಲೂ ನಾರ್ಮಂಡಿ. ಜೂನ್‌ನಲ್ಲಿ ಹೋದರೆ ಹೊಲಕ್ಕೆ ಹೊಲವೇ ತಿಳಿನೀಲಿ. ಬೆಳಗ್ಗೆ ಅರಳಿದ ಹೂವು ಮಧ್ಯಾಹ್ನದ ಹೊತ್ತಿಗೆ ಉದುರಿರುತ್ತದೆ. ಊಟ ಮುಗಿಸಿ ನೋಡಲು ಹೋದವರಿಗೆ ಬರೀ ಹಸಿರು ಕಾಣುತ್ತದೆ. ಗಿಡವನ್ನು ಕೊಯ್ಯುವುದಿಲ್ಲ, ಬೇರು ಸಮೇತ ಕೀಳುತ್ತಾರೆ, ನಾರು ಉದ್ದಕ್ಕೆ ಸಿಗಲಿ ಅಂತ. ಕಿತ್ತದ್ದನ್ನು ಹೊಲದಲ್ಲೇ ಸಾಲಾಗಿ ಮಲಗಿಸಿ ವಾರಗಟ್ಟಲೆ ಬಿಡುತ್ತಾರೆ. ಇಬ್ಬನಿ, ಮಳೆ, ಬಿಸಿಲು ಸೇರಿ ಕಾಂಡವನ್ನು ಹದವಾಗಿ ಕೊಳೆಸುತ್ತವೆ, ನಾರು ಬಿಡಿಸಿಕೊಳ್ಳುತ್ತದೆ. ನಡುವೆ ಒಮ್ಮೆ ಮಗುಚಿ ಹಾಕಬೇಕು. ಹಸಿರು ಹೋಗಿ ಬೂದು ಬಣ್ಣ ಬರುತ್ತದೆ. ಬಣ್ಣ ಹಾಕದ ಲಿನನ್ನಿನ ಬೂದಿ ಬಣ್ಣ ಇದೆಯಲ್ಲ, ಅದು ಆ ಹೊಲದ ಹವಾಮಾನದ ಬಣ್ಣವೇ. ಆ ನಾರಿನ ಹೆಚ್ಚಿನ ಪಾಲು ನೂಲಲು ಚೀನಾಕ್ಕೆ ಹೋಗುತ್ತದೆ, ಒಂದಿಷ್ಟು ಭಾರತಕ್ಕೂ ಬರುತ್ತದೆ. ಫ್ರಾನ್ಸಿನಲ್ಲೇ ನೂಲುವ ಗಿರಣಿಗಳು ಮುಚ್ಚಿಹೋಗಿದ್ದವು. 2020ರಿಂದೀಚೆಗೆ ಒಂದೆರಡು ಮತ್ತೆ ಶುರುವಾಗಿವೆ ಅನ್ನುವುದು ಸಂತೋಷದ ಸುದ್ದಿ.

ಹಳೇ ಸಾಮಾನಿನ ಸಂತೆಯಲ್ಲಿ ಸಿಗುವ ಲಿನನ್ ಹಾಸುಬಟ್ಟೆ, ಅಡುಗೆಮನೆ ಒರಸುಬಟ್ಟೆಗಳನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಹಾಸುಬಟ್ಟೆಯ ನಟ್ಟನಡುವೆ ಉದ್ದಕ್ಕೂ ಒಂದು ಹೊಲಿಗೆ ಇರುತ್ತದೆ. ಮನೆಯ ಮಗ್ಗ ಕಿರಿದು, ಎರಡು ಪಟ್ಟಿ ಸೇರಿಸಿದರೆ ಒಂದು ಹಾಸಿಗೆ. ಮೂಲೆಯಲ್ಲಿ ಕೆಂಪು ದಾರದಲ್ಲಿ ಎರಡು ಅಕ್ಷರ, ಕೆಳಗೆ ಚಿಕ್ಕದಾಗಿ ಒಂದು ಅಂಕಿ. ಮದುವೆಗೆ ಮುಂಚೆ ಹುಡುಗಿಯರು ತಮ್ಮ ಬಟ್ಟೆಗೆಲ್ಲ ತಾವೇ ಹೊಲಿದುಕೊಳ್ಳುತ್ತಿದ್ದ ಗುರುತು. ಹಳ್ಳಿಯ ಕಡೆ ದೊಡ್ಡ ಒಗೆತ ವರ್ಷಕ್ಕೆ ಕೆಲವೇ ಸಲ ನಡೆಯುತ್ತಿತ್ತು. ಅದಕ್ಕೇ ಡಜನ್‌ಗಟ್ಟಲೆ ಹಾಸುಬಟ್ಟೆ ಬೇಕಿತ್ತು, ಲೆಕ್ಕ ತಪ್ಪದಿರಲಿ ಅಂತ ಅಂಕಿ. ಒಗೆಯುತ್ತಿದ್ದದ್ದು ಕಟ್ಟಿಗೆ ಬೂದಿಯ ಕುದಿನೀರಿನಲ್ಲಿ. ಅಂಥ ನೀರಿಗೂ ಹೋಗದ ಕೆಂಪು ಬಣ್ಣ ಮಂಜಿಷ್ಠದ ಬೇರಿನಿಂದ ಬರುತ್ತಿತ್ತು, ಹಾಗಾಗಿ ಕೆಂಪು ದಾರ. ನನ್ನ ಬಳಿ ಇರುವ ಒಂದು ಒರಸುಬಟ್ಟೆಯಲ್ಲಿ ಒಂದು ಅಕ್ಷರದ ಹೊಲಿಗೆ ಬಹಳ ಅಚ್ಚುಕಟ್ಟು, ಪಕ್ಕದ ಅಕ್ಷರದ್ದು ಸ್ವಲ್ಪ ಸೊಟ್ಟ. ಹೊಲಿದವಳು ಯಾರೋ. ಅವಳಿಗೆ ಬೇಸರ ಬಂದಿತ್ತೋ, ದೀಪದ ಎಣ್ಣೆ ಮುಗಿದಿತ್ತೋ ಗೊತ್ತಿಲ್ಲ. ಆ ಬಟ್ಟೆಯಲ್ಲಿ ನಾನು ದಿನಾ ಲೋಟ ಒರೆಸುತ್ತೇನೆ.

ತುಲೂಸ್ ಅಂದರೆ ಕೆಂಪು ಇಟ್ಟಿಗೆಯ ಊರು. ಸಂಜೆ ಬಿಸಿಲಿಗೆ ಗೋಡೆಗಳೆಲ್ಲ ಗುಲಾಬಿ ಆಗುತ್ತವೆ. ಆ ಗುಲಾಬಿಯ ನಡುವೆ ಕಿಟಕಿಗಳ ಮರದ ಬಾಗಿಲುಗಳು ಮಾತ್ರ ಒಂಥರಾ ಮಾಸಿದ ನೀಲಿ, ಬೂದು ಬೆರೆತ ಹಾಗೆ. ಈ ನೀಲಿಯ ಹಿಂದೆ ಒಂದು ಗಿಡ ಇದೆ, ಪಾಸ್ಟೆಲ್ ಅಂತ. ಹೂವು ಹಳದಿ, ಬಣ್ಣ ಬರುವುದು ಎಲೆಯಿಂದ. ಎಲೆಯನ್ನು ಗಾಣದಲ್ಲಿ ಅರೆದು, ಉಂಡೆ ಕಟ್ಟಿ ಒಣಗಿಸಿ, ಮತ್ತೆ ಪುಡಿ ಮಾಡಿ ನೆನೆಸಿ ಹುದುಗಿಸಿದರೆ ತಿಂಗಳುಗಳ ನಂತರ ಬಣ್ಣದ ಸರಕು ಸಿದ್ಧ. ಹದಿನೈದು, ಹದಿನಾರನೇ ಶತಮಾನದಲ್ಲಿ ತುಲೂಸ್‌ನ ವ್ಯಾಪಾರಿಗಳು ಇದನ್ನು ಲಂಡನ್, ಆಂಟ್ವರ್ಪ್‌ವರೆಗೆ ಕಳಿಸಿ ಕೋಟ್ಯಧಿಪತಿಗಳಾದರು. ಅಸೆಜಾ ಎಂಬ ವ್ಯಾಪಾರಿ 1555ರಲ್ಲಿ ಕಟ್ಟಿಸಲು ಶುರು ಮಾಡಿದ ಅರಮನೆಯಂಥ ಮನೆ ಈಗಲೂ ಊರ ನಡುವೆ ಇದೆ, ಒಳಗೆ ಕಲಾ ಸಂಗ್ರಹಾಲಯ. ಬೆರ್ನುಯಿ ಎಂಬ ಇನ್ನೊಬ್ಬ ವ್ಯಾಪಾರಿ ಎಷ್ಟು ದೊಡ್ಡ ಕುಳ ಅಂದರೆ, 1525ರಲ್ಲಿ ರಾಜ ಒಂದನೇ ಫ್ರಾಂಸ್ವಾ ಯುದ್ಧದಲ್ಲಿ ಸೆರೆಸಿಕ್ಕಾಗ ಬಿಡುಗಡೆಯ ಹಣಕ್ಕೆ ಜಾಮೀನು ನಿಂತಿದ್ದ.

ಆ ವೈಭವ ಹೆಚ್ಚು ಕಾಲ ಉಳಿಯಲಿಲ್ಲ. ಧರ್ಮದ ಹೆಸರಿನ ಯುದ್ಧಗಳು ಬಂದವು, ಬೆಳೆ ಕೈಕೊಟ್ಟಿತು. ಜೊತೆಗೆ ಹಡಗಿನಲ್ಲಿ ಭಾರತದ ನೀಲಿ ಬಂತು. ನಮ್ಮ ನೀಲಿ ಗಿಡದ ಬಣ್ಣ ಗಾಢ, ಕಡಿಮೆ ಹಾಕಿದರೆ ಸಾಕು. ಅದರ ಎದುರು ಪಾಸ್ಟೆಲ್‌ಗೆ ನಿಲ್ಲಲಾಗಲಿಲ್ಲ. 1609ರಲ್ಲಿ ರಾಜ ನಾಲ್ಕನೇ ಆನ್ರಿ ಹೊರಗಿನ ನೀಲಿ ಬಳಸಿದರೆ ಮರಣದಂಡನೆ ಅಂತ ಆಜ್ಞೆ ಮಾಡಿದರೂ ಹೋದ ವ್ಯಾಪಾರ ತಿರುಗಿ ಬರಲಿಲ್ಲ. ಬಣ್ಣದ ತೊಟ್ಟಿಯಲ್ಲಿ ಉಳಿದ ಗಸಿಯನ್ನು ರೈತರು ಗಾಡಿಗೆ, ಕಿಟಕಿ ಬಾಗಿಲಿಗೆ ಬಳಿಯುತ್ತಿದ್ದರಂತೆ. ಹುಳ ಬರುವುದಿಲ್ಲ ಅನ್ನುವ ನಂಬಿಕೆ. ಆ ಮಾಸಿದ ನೀಲಿ ಹೀಗೆ ಉಳಿದುಕೊಂಡಿತು. ಈಗ ಆ ಭಾಗದಲ್ಲಿ ಪಾಸ್ಟೆಲ್ ಮತ್ತೆ ಬೆಳೆಯುತ್ತಿದ್ದಾರೆ. ಒಂದು ಸಣ್ಣ ಕಾರ್ಯಾಗಾರದಲ್ಲಿ ಬಟ್ಟೆ ಅದ್ದುವುದನ್ನು ನೋಡಿದ್ದೇನೆ. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಳದಿ-ಹಸಿರು. ಗಾಳಿ ತಗಲುತ್ತಿದ್ದ ಹಾಗೆ ಮಡಿಕೆಯ ಅಂಚಿನಿಂದ ನೀಲಿ ಹರಡುತ್ತಾ ಬರುತ್ತದೆ. ಪಕ್ಕದಲ್ಲಿ ನಿಂತ ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಭಾರತದ ಸರಕಿಗೆ ಫ್ರಾನ್ಸ್ ಹೆದರಿದ್ದು ಅದೊಂದೇ ಸಲ ಅಲ್ಲ. ಹದಿನೇಳನೇ ಶತಮಾನದಲ್ಲಿ ನಮ್ಮ ಕರಾವಳಿಗಳಿಂದ ಹೋದ ಅಚ್ಚಿನ ಹತ್ತಿ ಬಟ್ಟೆಗೆ ಅಲ್ಲಿಯವರು ಮರುಳಾಗಿಬಿಟ್ಟಿದ್ದರು. ಹಗುರ, ಒಗೆದರೂ ಬಣ್ಣ ಬಿಡುವುದಿಲ್ಲ, ಮೈತುಂಬ ಹೂವು ಬಳ್ಳಿ. ಉಡುಪಿಗೂ ಅದೇ, ಮಂಚದ ಪರದೆಗೂ ಅದೇ. ರೇಷ್ಮೆ, ಉಣ್ಣೆ ನೇಯುವವರು ಗೋಳಾಡಿದರು. 1686ರಲ್ಲಿ ಸರ್ಕಾರ ಆ ಬಟ್ಟೆಯನ್ನು ತರುವುದನ್ನೂ ನಕಲು ಮಾಡುವುದನ್ನೂ ನಿಷೇಧಿಸಿತು. ನಿಷೇಧ ತೆಗೆದದ್ದು 1759ರಲ್ಲಿ. ಅಷ್ಟೂ ವರ್ಷ ಜನ ಕದ್ದುಮುಚ್ಚಿ ತರಿಸಿಕೊಂಡು ಉಟ್ಟರು. ಮರುವರ್ಷವೇ, 1760ರಲ್ಲಿ, ಜರ್ಮನಿಯಿಂದ ಬಂದ ಓಬರ್‌ಕಾಂಫ್ ಎಂಬ ಯುವಕ ವರ್ಸೈ ಹತ್ತಿರದ ಜೂಯಿ ಎಂಬ ಊರಿನಲ್ಲಿ ಅಚ್ಚಿನ ಕಾರ್ಖಾನೆ ತೆರೆದ. ಬಟ್ಟೆ ತೊಳೆಯಲು ಬಿಯೆವ್ರ್ ನದಿಯ ನೀರು, ಹರಡಿ ಒಣಗಿಸಲು ಹುಲ್ಲುಗಾವಲು. ಮೊದಲು ಮರದ ಅಚ್ಚು, 1770ರಿಂದ ತಾಮ್ರದ ಹಾಳೆಯ ಅಚ್ಚು. ಬಿಳಿಯ ಮೇಲೆ ಒಂದೇ ಬಣ್ಣದಲ್ಲಿ ಕುರಿ ಕಾಯುವವರು, ಉಯ್ಯಾಲೆ, ಮರ, ಹಳ್ಳಿ ಇರುವ ಬಟ್ಟೆಯನ್ನು ನೀವು ನೋಡಿರುತ್ತೀರಿ. ಅದು ಈ ಜೂಯಿ ಬಟ್ಟೆ. ಈಗ ಎಲ್ಲ ದೇಶಗಳ ಹೋಟೆಲುಗಳಲ್ಲೂ ಅದನ್ನು ಅಪ್ಪಟ ಫ್ರೆಂಚ್ ಅಂತ ಗೋಡೆಗೆ ಹಾಕುತ್ತಾರೆ. ಪಟಿಕ ಹಚ್ಚಿ ಹತ್ತಿ ಬಟ್ಟೆಗೆ ಹೀಗೆ ಬಣ್ಣ ಕಚ್ಚಿಸುವ ವಿದ್ಯೆ ಅಲ್ಲಿಗೆ ಹೋದದ್ದು ನಮ್ಮ ಬಣ್ಣಗಾರರ ಕೆಲಸ ನೋಡಿಯೇ. ಆ ಬಣ್ಣಗಾರರ ಹೆಸರು ಮಾತ್ರ ಯಾವ ಗೋಡೆಯ ಮೇಲೂ ಇಲ್ಲ. ಇದು ನನಗೆ ನೋವಿನ ಮಾತು.

ಮೈಸೂರಿನ ನೆನಪೂ ಇಲ್ಲಿ ಬರಲೇಬೇಕು. 1788ರಲ್ಲಿ ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು ವರ್ಸೈ ಅರಮನೆಯಲ್ಲಿ ರಾಜ ಹದಿನಾರನೇ ಲೂಯಿಯನ್ನು ಕಂಡರು. ಸೈನ್ಯದ ನೆರವು ಸಿಗಲಿಲ್ಲ. ಸಿಕ್ಕಿದ್ದು ಸೆವ್ರ್ ಕಾರ್ಖಾನೆಯ ಪಿಂಗಾಣಿಯ ಉಡುಗೊರೆ. ಆಳುವವರು ಕಷ್ಟದಲ್ಲಿದ್ದಾಗಲೂ ಕೈಗಿಡುವುದು ತಮ್ಮ ಮನೆಯ ಅತ್ಯಂತ ಚೆಂದದ ತಟ್ಟೆ ಬಟ್ಟಲು ಅನ್ನುವುದು ಫ್ರಾನ್ಸಿಗೆ ಒಪ್ಪುವಂಥದ್ದೇ.

ಬಣ್ಣದ ವಿಷಯದಲ್ಲಿ ನನ್ನ ಧೈರ್ಯ ಹೆಚ್ಚಿಸಿದ್ದು ಜಿವೆರ್ನಿ ಹಳ್ಳಿಯ ಒಂದು ಮನೆ. ಚಿತ್ರಕಾರ ಕ್ಲೋದ್ ಮೊನೆ 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಇದ್ದ ಮನೆ. ಎಲ್ಲರೂ ತೋಟಕ್ಕೆ, ನೈದಿಲೆ ಕೊಳಕ್ಕೆ ಅಂತ ಹೋಗುತ್ತಾರೆ. ನಾನು ಹೋದದ್ದು ಊಟದ ಕೋಣೆಗೆ. ಗೋಡೆ ಹಳದಿ, ಕಪಾಟು ಹಳದಿ, ಕುರ್ಚಿಗಳೂ ಹಳದಿ. ಎರಡು ಬಗೆಯ ಹಳದಿ, ಒಂದು ತಿಳಿ, ಒಂದು ಗಾಢ. ಉಳ್ಳವರ ಊಟದ ಕೋಣೆ ಅಂದರೆ ಕಪ್ಪು ಮರ, ದಪ್ಪ ಪರದೆ ಅಂತಿದ್ದ ಕಾಲದಲ್ಲಿ ಇದು! ಗೋಡೆಯ ತುಂಬ ಜಪಾನಿನ ಅಚ್ಚಿನ ಚಿತ್ರಗಳು. ಹಳದಿ ಕೋಣೆಯ ಬಾಗಿಲಿನಿಂದ ನೋಡಿದರೆ ಪಕ್ಕದ ಅಡುಗೆಮನೆ ಪೂರ್ತಿ ನೀಲಿ, ರುವಾಂ ಊರಿನ ನೀಲಿ ಬಿಲ್ಲೆಗಳು, ಸಾಲಾಗಿ ತೂಗುಹಾಕಿದ ತಾಮ್ರದ ಪಾತ್ರೆಗಳು. ಊಟಕ್ಕೆ ಕೂತವರಿಗೆ ಹಳದಿಯ ಒಳಗಿಂದ ಆ ನೀಲಿ ಕಾಣಲಿ ಅಂತಲೇ ಹಾಗೆ ಮಾಡಿಸಿದ್ದು. ಒಂದು ಕೋಣೆಯ ಬಣ್ಣವನ್ನು ಅದರೊಳಗೆ ನಿಂತು ಮಾತ್ರ ಆರಿಸಬಾರದು, ಪಕ್ಕದ ಕೋಣೆಯಿಂದಲೂ ನೋಡಬೇಕು ಅಂತ ಯಾವ ಪತ್ರಿಕೆಯೂ ನನಗೆ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ. ನಮ್ಮ ಬೆಂಗಳೂರಿನ ಫ್ಲಾಟಿನಲ್ಲಿ ಹಾಲ್‌ನಿಂದ ಅಡುಗೆಮನೆ ಕಾಣುತ್ತದೆ, ಅಲ್ವಾ? ಬಣ್ಣ ಹೊಡೆಸುವಾಗ ಅದನ್ನೇ ಲೆಕ್ಕ ಹಾಕಿದೆ.

ನನಗೆ ಇಷ್ಟವಾಗದ್ದೂ ಇದೆ. ಹೊಸ ಮೇಜನ್ನು ಉಜ್ಜಿ ಗೀಚಿ ಹಳೆಯದರಂತೆ ಮಾಡಿ ಮಾರುವುದು ಇಷ್ಟವಿಲ್ಲ. ಸವೆತ ಬಳಸಿ ಬರಬೇಕು. ಚಂಡೀಗಢದ ಕುರ್ಚಿಗಳ ಕಥೆ ನೆನೆದರೆ ಇನ್ನೂ ಸಂಕಟ. ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೇ ಆ ಊರನ್ನು ಕಟ್ಟಿಸುವಾಗ ಅವರ ಸೋದರ ಸಂಬಂಧಿ ಪಿಯೇರ್ ಜಾನ್ನರೆ ಅಲ್ಲೇ ನೆಲೆಸಿ, ಸರ್ಕಾರಿ ಕಚೇರಿ, ಕಾಲೇಜುಗಳಿಗೆ ತೇಗದ ಮರ ಮತ್ತು ಬೆತ್ತದ ಕುರ್ಚಿಗಳನ್ನು ಮಾಡಿಸಿದರು. ಕಾಲ ಕಳೆದಂತೆ ಅವು ಗುಜರಿಗೆ ಹೋದವು. ವ್ಯಾಪಾರಿಗಳು ಕೊಂಡು, ರಿಪೇರಿ ಮಾಡಿಸಿ, ಪ್ಯಾರಿಸ್‌ನಲ್ಲೂ ಲಂಡನ್‌ನಲ್ಲೂ ಹರಾಜಿಗಿಟ್ಟರು. ಈಗ ಒಂದೊಂದಕ್ಕೆ ಲಕ್ಷಗಟ್ಟಲೆ. ಕೂರುವ ಕುರ್ಚಿ ನಮ್ಮಲ್ಲಿ ಕಸವಾಯಿತು, ಅಲ್ಲಿ ಯಾರೂ ಕೂರದ ಒಡವೆಯಾಯಿತು. ಎರಡೂ ತಪ್ಪು ಅಂತ ನನಗನ್ನಿಸುತ್ತದೆ. ರಿಪೇರಿಯ ವಿಷಯದಲ್ಲಿ ಮಾತ್ರ ಫ್ರಾನ್ಸ್ ಸರ್ಕಾರವನ್ನು ಮೆಚ್ಚಬೇಕು. ವಾಷಿಂಗ್ ಮೆಷಿನ್, ಫೋನ್ ಮಾರುವಾಗ ಅದನ್ನು ರಿಪೇರಿ ಮಾಡುವುದು ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಹಾಕಿ ತೋರಿಸಬೇಕು ಅನ್ನುವ ನಿಯಮವನ್ನು 2021ರಲ್ಲಿ ಅಲ್ಲಿ ತಂದರು. 2023ರ ಕೊನೆಯಿಂದ ಬಟ್ಟೆ, ಚಪ್ಪಲಿ ರಿಪೇರಿಗೂ ಬಿಲ್ಲಿನಲ್ಲಿ ಒಂದಿಷ್ಟು ರಿಯಾಯಿತಿ ಸಿಗುತ್ತದೆ.

ಫ್ರಾನ್ಸಿಗೆ ಹೋಗುವವರಿಗೆ ನಾನು ಹೇಳುವುದಿಷ್ಟು. ದೊಡ್ಡ ಅಂಗಡಿಗೆ ಮುಂಚೆ ಸಂತೆಗೆ ಹೋಗಿ. ಪ್ಯಾರಿಸ್ ಅಂಚಿನ ಸ್ಯಾಂ ತುವಾಂ ಸಂತೆ ಹೆಸರುವಾಸಿ, ಬೆಲೆಯೂ ಹಾಗೇ. ತುಲೂಸ್‌ನಲ್ಲಿ ಸ್ಯಾಂ ಸರ್ನ್ಯಾಂ ಚರ್ಚಿನ ಸುತ್ತ ವಾರಾಂತ್ಯದಲ್ಲಿ ಹಳೇ ಸಾಮಾನು ಹರಡಿಕೊಂಡು ಕೂರುತ್ತಾರೆ. ಹಳ್ಳಿಗಳಲ್ಲಿ ಅಟ್ಟ ಖಾಲಿ ಮಾಡುವ ಸಂತೆ ಅಂತ ನಡೆಯುತ್ತದೆ, ಊರವರೇ ತಮ್ಮ ಮನೆಯ ಅಟ್ಟದಲ್ಲಿದ್ದದ್ದನ್ನು ಬೀದಿಗೆ ತಂದು ಮಾರುತ್ತಾರೆ. ನನಗೆ ಅತಿ ಪ್ರಿಯವಾದದ್ದು ಇದೇ. ಬೆಳಗ್ಗೆ ಬೇಗ ಹೋದರೆ ಆಯ್ಕೆ ಜಾಸ್ತಿ, ಮುಗಿಯುವ ಹೊತ್ತಿಗೆ ಹೋದರೆ ಬೆಲೆ ಕಡಿಮೆ. ಮೊದಲು ಬೋಂಜೂರ್, ಆಮೇಲೆ ಚೌಕಾಸಿ. ಜಾಡಿ ಭಾರ, ದಾರಿಯಲ್ಲಿ ಒಡೆಯುತ್ತದೆ. ವಿಮಾನದಲ್ಲಿ ಬರುವವರಿಗೆ ಬಟ್ಟೆಯೇ ಸರಿ. ಬೆಳಕಿಗೆ ಹಿಡಿದು ನೋಡಿ, ಮಧ್ಯದಲ್ಲಿ ತೆಳುವಾಗಿದ್ದರೆ ಬೇಗ ಹರಿಯುತ್ತದೆ, ಅಂಚಿನಲ್ಲಿ ತೇಪೆ ಇದ್ದರೆ ಚಿಂತೆಯಿಲ್ಲ. ಹಳೇ ಲಿನನ್ ಮೊದಲು ದೋಸೆಕಲ್ಲಿನಷ್ಟು ಗಡುಸಾಗಿರುತ್ತದೆ. ರಾತ್ರಿಯಿಡೀ ನೆನೆಸಿ, ಬಿಸಿನೀರಿನಲ್ಲಿ ಒಗೆದು, ಪೂರ್ತಿ ಒಣಗುವ ಮುಂಚೆ, ಇನ್ನೂ ತೇವ ಇರುವಾಗಲೇ ಇಸ್ತ್ರಿ ಮಾಡಿ. ನಾಲ್ಕೈದು ಒಗೆತಕ್ಕೆ ಮೆತ್ತಗಾಗುತ್ತದೆ.